ಶುಕ್ರವಾರ ಬರುವ ಹಳದಿ ದೀಪ

"ಲೈಟ್ ಎಲ್ಲಿದೆ ಮೇಡಂ?"

ಶರಾವತಿ ಡ್ಯಾಶ್‌ಬೋರ್ಡ್ ನೋಡಿದಳು. ದೀಪ ಇರಲಿಲ್ಲ. ಹತ್ತು ನಿಮಿಷದ ಹಿಂದೆ ಇತ್ತು... ಕಣ್ಣಿಗೆ ರಾಚುವ ಹಾಗೆ ಇತ್ತು. ಕೋಣಂದೂರಿನ ಈ ಗ್ಯಾರೇಜಿನ ಮುಂದೆ ಗಾಡಿ ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡಿದರೆ ಮಾಯ.

"ಈಗ ಇಲ್ಲ. ಆಗ ಇತ್ತು," ಅಂದಳು.

ಮುಂದಿನ ಮಾತು ಏನೆಂದು ಅವಳಿಗೆ ಗೊತ್ತಿತ್ತು. ಹೊಸನಗರದ ಮೆಕ್ಯಾನಿಕ್ ನಕ್ಕಿದ್ದ. ತೀರ್ಥಹಳ್ಳಿಯವನು 'ಒಂದ್ಸಲ ಕಣ್ಣು ಚೆಕ್ ಮಾಡಿಸಿ ಮೇಡಂ' ಅಂದಿದ್ದ. ಸಾಗರದಲ್ಲಿರುವ ಮೈದುನ ರವಿಶಂಕರನಂತೂ 'ದೊಡ್ಡ ಗಾಡಿ ಹೆಂಗಸ್ರ ಕೈಗೆ ಕೊಟ್ರೆ ಹಿಂಗೇ ಅತ್ತಿಗೆ' ಎಂದು ತೀರ್ಪು ಕೊಟ್ಟು ಮುಗಿಸಿದ್ದ. ಇವನೂ ಈಗ ನಗುತ್ತಾನೆ. ನಗಲಿ, ಕೀ ಇಸಿದುಕೊಂಡು ಹೊರಟರಾಯಿತು.

ಇವನು ನಗಲಿಲ್ಲ.

"ಇತ್ತು ಅಂದ್ರೆ ಇತ್ತು," ಅಂದ. "ಎಲ್ಲಿ ಬಂತು, ಎಷ್ಟೊತ್ತು ಉರೀತು, ಅದು ಹೇಳಿ."

ಒಂದು ಮಾತನ್ನು ಎರಡು ಸಲ ಹೇಳಿಸದೆ ಯಾರಾದರೂ ತನ್ನನ್ನು ನಂಬಿ ಎಷ್ಟು ದಿನವಾಯಿತು? ಅವಳಿಗೆ ನೆನಪಾಗಲಿಲ್ಲ.

ಅವನ ಹೆಸರು ಜಟ್ಟಿಂಗಪ್ಪ. ಪ್ರೇಮಕಥೆಯ ನಾಯಕನಿಗೆ ಇಂಥ ಹೆಸರಿದ್ದರೆ ನೀವು ಬೇರೆ ಕಥೆಗೆ ಹೋಗಿಬಿಡುತ್ತೀರಿ ಅಂತ ನನಗೆ ಗೊತ್ತು. ಏನು ಮಾಡಲಿ, ಅಜ್ಜನ ಹೆಸರು, ಮೊಮ್ಮಗನಿಗೆ ಬಂತು. ಕೋಣಂದೂರಿನಲ್ಲಿ ಎಲ್ಲರಿಗೂ ಅವನು ಜಟ್ಟಿ. ಮೂವತ್ತೆಂಟು ವರ್ಷ, ಮದುವೆಯಾಗಿಲ್ಲ. ನಾಲ್ಕು ಕಡೆ ಹೆಣ್ಣು ನೋಡಿದ್ದ. ನಾಲ್ಕೂ ಕಡೆಯವರು ಅವನ ಉಗುರಿನ ಸಂದಿಯ ಕಪ್ಪು ನೋಡಿ, ಕಾಫಿ ಕೊಟ್ಟು ಕಳಿಸಿದ್ದರು. ಐದನೆಯ ಕಡೆಗೆ ಅವನೇ ಹೋಗಲಿಲ್ಲ.

ಶರಾವತಿಗೆ ಮೂವತ್ತನಾಲ್ಕು. ಮನೆ ಹೊಸನಗರ. ಕೆಲಸ ತೀರ್ಥಹಳ್ಳಿಯ ಒಂದು ಲ್ಯಾಬಿನಲ್ಲಿ, ಬಂದವರ ರಕ್ತ ತೆಗೆದು ಪರೀಕ್ಷೆ ಮಾಡುವುದು. ಗಂಡ ಪ್ರದೀಪ ಎರಡೂವರೆ ವರ್ಷದ ಹಿಂದೆ ಒಂದು ಬೆಳಿಗ್ಗೆ ಶೂ ಲೇಸ್ ಕಟ್ಟಲು ಬಗ್ಗಿದವನು ಮತ್ತೆ ಏಳಲಿಲ್ಲ. ಅವನು ಆಸೆಪಟ್ಟು ತಂದಿದ್ದ ಸೆಕೆಂಡ್ ಹ್ಯಾಂಡ್ ಎಸ್‌ಯುವಿ ಉಳಿಯಿತು. ಅವನ ಅಮ್ಮ ಪುಷ್ಪಮ್ಮ ಉಳಿದರು. ಆ ಮನೆಯಲ್ಲಿ ಈಗ ಅತ್ತೆ, ಸೊಸೆ, ಅಂಗಳದಲ್ಲಿ ಆ ಗಾಡಿ... ಅಷ್ಟೇ.

ಆ ಗಾಡಿಗೆ ಮಾಮೂಲಿ ಸ್ಪ್ರಿಂಗ್ ಇಲ್ಲ. ಚಕ್ರಗಳ ಮೇಲೆ ಗಾಳಿ ತುಂಬುವ ರಬ್ಬರ್ ಚೀಲಗಳಿವೆ. ಏರ್ ಸಸ್ಪೆನ್ಷನ್ ಅಂತಾರೆ. ಗಾಡಿ ತನ್ನ ಎತ್ತರವನ್ನು ತಾನೇ ಅಳೆದುಕೊಂಡು, ಬೇಕಾದಷ್ಟು ಗಾಳಿ ತುಂಬಿಕೊಳ್ಳುತ್ತದೆ. ಆ ಅಳತೆ ತಪ್ಪಿದರೆ ಹಳದಿ ದೀಪ. ದೀಪ ಬಂದ ದಿನ ಗಾಡಿ ಹಿಂದಿನ ಎಡಗಡೆಗೆ ವಾಲುತ್ತಿತ್ತು. ಬಾರದ ದಿನ ಏನೂ ಆಗಿಯೇ ಇಲ್ಲ ಎಂಬಂತೆ ಓಡುತ್ತಿತ್ತು.

"ಶಿವರಾತ್ರಿಯೊಳಗೆ ಸರಿ ಆಗ್ದಿದ್ರೆ ಮಾರೋದೇ ಸೈ," ಎಂದು ರವಿಶಂಕರ ಹೇಳಿಬಿಟ್ಟಿದ್ದ. "ದಾರಿ ಮಧ್ಯ ಕೈ ಕೊಟ್ರೆ ನಿಮ್ಮನ್ನ ಕರ್ಕೊಂಡು ಬರೋರು ಯಾರು?"

ಜಟ್ಟಿ ಗಾಡಿಯ ಕೆಳಗೆ ನುಸುಳಿದ. ಎರಡೇ ನಿಮಿಷಕ್ಕೆ ಹೊರಗೆ ಬಂದು, ನಲ್ಲಿಯ ಹತ್ತಿರ ಹೋಗಿ ಸೋಪು ಹಚ್ಚಿ ಮೊಣಕೈವರೆಗೆ ಕೈ ತೊಳೆದ. ಮತ್ತೆ ಕೆಳಗೆ ಹೋದ. ಈ ಸಲ ಬರುವಾಗ ಅವನ ಅಂಗೈಯಲ್ಲಿ ಅರಿಶಿನ ಬಟ್ಟೆಯ ಪುಟ್ಟ ಗಂಟೊಂದಿತ್ತು. ಅದಕ್ಕೆ ಸೆಣಬಿನ ದಾರ.

"ಯಾರು ಕಟ್ಟಿದ್ದು ಇದು?"

"ನಮ್ಮತ್ತೆ. ವರದಹಳ್ಳಿಗೆ ಹೋದಾಗ ತಂದ ಅಕ್ಷತೆ ಅದ್ರಲ್ಲಿದೆ. ಮಗನಿಗಾದ ಹಾಗೆ ನಂಗೂ ಏನಾದ್ರೂ ಆಗ್ಬಿಟ್ರೆ ಅಂತ ಅವರಿಗೆ ಭಯ."

"ಕೆಳಗೆ ಮಲಗಿದ್ರೆ ಕಾಲು ತಾಗತ್ತೆ. ಗ್ರೀಸ್ ಬೇರೆ. ಕೆಲ್ಸ ಮುಗಿಯೋವರೆಗೆ ಇಲ್ಲಿರ್ಲಿ."

ಗೋಡೆಯ ದೇವರ ಪಟದ ಮುಂದೆ ಅದನ್ನಿಟ್ಟ. ಕೆಲಸ ಮುಗಿದ ಮೇಲೆ ಮತ್ತೆ ಕೈ ತೊಳೆದು, ಇದ್ದಲ್ಲಿಗೇ ಕಟ್ಟಿದ.

ಶರಾವತಿಗೆ ಅವನ ಮೇಲೆ ಮನಸ್ಸಾದದ್ದು ಆಗಲೇ. ಅದು ಅವಳಿಗೇ ಗೊತ್ತಾಗಲು ಇನ್ನೊಂದು ತಿಂಗಳು ಹಿಡಿಯಿತು.

ಹುಡುಕಾಟ ಶುರುವಾಯಿತು. ಗಾಳಿಯ ಪೈಪುಗಳಿಗೆಲ್ಲ ಸೋಪಿನ ನೀರು ಹಚ್ಚಿ ನೋಡಿದ. ಒಂದು ಗುಳ್ಳೆ ಏಳಲಿಲ್ಲ. ಕಂಪ್ರೆಸರ್ ಬಿಚ್ಚಿ ನೋಡಿದ. ಇಲಿ ಕಚ್ಚಿದೆಯೇನೋ ಎಂದು ವಯರುಗಳನ್ನೆಲ್ಲ ಬೆರಳಲ್ಲಿ ಸವರಿ ನೋಡಿದ. ಸ್ಕ್ಯಾನರ್ ಹಾಕಿದ.

"ಗಾಡಿ ಎತ್ತರ ಏರ್ಲಿಲ್ಲ ಅಂತ ಹೇಳತ್ತೆ ಇದು," ಅಂದ. "ಯಾಕೆ ಏರ್ಲಿಲ್ಲ ಅಂತ ಹೇಳಲ್ಲ."

"ನಮ್ಮ ಲ್ಯಾಬಲ್ಲೂ ಹಾಗೆ. ಕೆಲವು ಜ್ವರಕ್ಕೆ ಜ್ವರ ಏರಿದಾಗಲೇ ರಕ್ತ ತೆಗೀಬೇಕು. ಇಳಿದ್ಮೇಲೆ ತೆಗೆದ್ರೆ ಏನೂ ಕಾಣಲ್ಲ."

ಜಟ್ಟಿ ಸ್ಪ್ಯಾನರ್ ಕೆಳಗಿಟ್ಟು ಅವಳನ್ನೇ ನೋಡಿದ. "ಸರಿಯಾದ ಮಾತು. ಇನ್ಮೇಲೆ ಲೈಟ್ ಬಂದ್ರೆ ಎಲ್ಲಿದೀರೋ ಅಲ್ಲೇ ನಿಲ್ಸಿ ಫೋನ್ ಮಾಡಿ. ಆಫ್ ಮಾಡ್ಬೇಡಿ. ನಾನೇ ಬರ್ತೀನಿ."

ದೀಪ ಬಂದ ದಿನಗಳನ್ನು ಒಂದು ಹಾಳೆಯಲ್ಲಿ ಬರೆದಿಡಲೂ ಹೇಳಿದ. ಮೂರು ವಾರದ ಮೇಲೆ ಆ ಹಾಳೆ ನೋಡಿ ತಲೆ ಕೆರೆದುಕೊಂಡ.

"ಹೆಚ್ಚೂಕಮ್ಮಿ ಎಲ್ಲಾ ಶುಕ್ರವಾರ. ಏನ್ ಮಾಡ್ತೀರಿ ಶುಕ್ರವಾರ?"

"ಏನಿಲ್ಲ. ಬೆಳಿಗ್ಗೆ ಅತ್ತೆ ಗಾಡಿಗೆ ಪೂಜೆ ಮಾಡ್ತಾರೆ."

"ಪೂಜೆ ಮಾಡಿದ್ರೆ ಗಾಡಿ ಕೆಡತ್ತಾ?" ಜಟ್ಟಿ ಹಾಳೆ ಮಡಚಿಟ್ಟ.

ಮುಂದಿನ ಶುಕ್ರವಾರ ಹೊಸನಗರ ಬಿಟ್ಟು ಸ್ವಲ್ಪ ದೂರ ಬಂದಾಗ ದೀಪ ಹೊತ್ತಿಕೊಂಡಿತು. ಶರಾವತಿ ರಸ್ತೆ ಬದಿಗೆ ನಿಲ್ಲಿಸಿ ಫೋನ್ ಮಾಡಿದಳು. ಅರ್ಧ ಗಂಟೆಯಲ್ಲಿ ಜಟ್ಟಿಯ ಬೈಕ್ ಬಂತು. ಕಿಟಕಿಯಿಂದ ತಲೆ ಹಾಕಿ ನೋಡಿದ. ಹಳದಿ ದೀಪ ಉರಿಯುತ್ತಲೇ ಇತ್ತು.

"ನೋಡಿದ್ರಾ?" ಅವಳು ಕೇಳಿದಳು. "ಈಗಾದ್ರೂ ನಂಬ್ತೀರಲ್ಲ?"

"ನೋಡೋಕೆ ಮುಂಚೆನೂ ನಂಬಿದ್ದೆ ಮೇಡಂ."

ಅವಳು ತಟ್ಟನೆ ರಸ್ತೆಯ ಕಡೆ ತಿರುಗಿದಳು. ಕಣ್ಣೀರು ಅವನಿಗೆ ಕಾಣಬಾರದಿತ್ತು.

ಅವನು ಅವಳ ಬಾಟಲಿಯ ನೀರಿನಲ್ಲಿ ಕೈ ತೊಳೆದು, ಮೊದಲು ಆ ಗಂಟು ಬಿಚ್ಚಿಕೊಂಡು ಬಂದ. ರಸ್ತೆ ಬದಿಯಲ್ಲಿ ದೇವರ ಪಟ ಎಲ್ಲಿಂದ ಬರಬೇಕು? ಶರಾವತಿ ವೇಲ್ ಒಡ್ಡಿದಳು. ಅವನು ಅದರಲ್ಲಿ ಗಂಟನ್ನಿಟ್ಟು ಗಾಡಿ ಆಫ್ ಮಾಡಿ ಕೆಳಗೆ ನುಸುಳಿದ. ಕಾಲು ಗಂಟೆ ಎಲ್ಲ ತಡಕಿ, ಏನೂ ಸಿಗದೆ ಬಂದು ಸ್ಟಾರ್ಟ್ ಮಾಡಿದರೆ... ದೀಪ ಇಲ್ಲ.

"ನಾನೇನೂ ಮಾಡ್ಲಿಲ್ಲ," ಅಂದ ಜಟ್ಟಿ, ಕಳ್ಳತನದಲ್ಲಿ ಸಿಕ್ಕಿಬಿದ್ದವನ ಹಾಗೆ. ಶರಾವತಿಗೆ ನಗು ತಡೆಯಲಾಗಲಿಲ್ಲ. ಅವನೂ ನಕ್ಕ. ಎರಡೂವರೆ ವರ್ಷದ ಮೇಲೆ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕದ್ದು ಅದೇ ಮೊದಲು.

ಓದುತ್ತಿರುವ ನಿಮಗೆ ಇಷ್ಟರಲ್ಲಿ ಅರ್ಥವಾಗಿರಬೇಕು. ಪುಷ್ಪಮ್ಮ ಶುಕ್ರವಾರ ಚಕ್ರಗಳಿಗೆ ತಂಬಿಗೆಗಟ್ಟಲೆ ನೀರು ಹೊಯ್ದು ತೊಳೆದು ಕುಂಕುಮ ಹಚ್ಚುತ್ತಿದ್ದರು. ಸೆಣಬಿನ ದಾರ ನೆನೆದರೆ ಬಿಗಿಯುತ್ತದೆ, ಒಣಗಿದರೆ ಸಡಿಲವಾಗುತ್ತದೆ. ಅದನ್ನು ಕಟ್ಟಿದ್ದು, ಗಾಡಿಯ ಎತ್ತರ ಅಳೆಯುವ ಪೆನ್ನಿನಷ್ಟು ಸಣ್ಣ ಕಡ್ಡಿಯ ಕೀಲಿಗೆ. ಕೀಲು ಆಡದಿದ್ದರೆ ಗಾಡಿಗೆ ತನ್ನ ಎತ್ತರವೇ ತಿಳಿಯುವುದಿಲ್ಲ. ಜಟ್ಟಿ ಪ್ರತಿ ಸಲವೂ ಮೊದಲು ಆ ಗಂಟನ್ನು ಭಕ್ತಿಯಿಂದ ಬಿಚ್ಚಿಟ್ಟು, ಆಮೇಲೆ ರೋಗ ಹುಡುಕುತ್ತಿದ್ದ. ಇನ್ನೆಲ್ಲಿ ಸಿಗುತ್ತದೆ ರೋಗ? ದೇವರ ವಸ್ತುವಿನ ಮೇಲೆ ಅನುಮಾನಪಡುವುದು ಅವನ ತಲೆಗೇ ಬರಲಿಲ್ಲ.

ಹೀಗೆ ಎಂಟು ಸಲ ಆಯಿತು. ಪಕ್ಕದ ಹೋಟೆಲಿನಿಂದ ಎರಡು ಕಾಫಿ ಬರುತ್ತಿತ್ತು. ಗ್ಯಾರೇಜಿನ ಬೆಂಚಿನ ಈ ತುದಿಯಲ್ಲಿ ಅವಳು, ಗಾಡಿಯ ಕೆಳಗೆ ಅವನು. ಕಾಲು ಮಾತ್ರ ಕಾಣುವ ಮನುಷ್ಯನ ಹತ್ತಿರ ಎಷ್ಟೊಂದು ಮಾತಾಡಬಹುದು ಅಂತ ಅವಳಿಗೆ ಆಶ್ಚರ್ಯ. ಪ್ರದೀಪನ ಬಗ್ಗೆ ಹೇಳಿದಳು. ಆ ಶೂ ಲೇಸನ್ನು ತಾನೇ ಬಿಚ್ಚಿದ್ದು ಹೇಳಿದಳು. ಜಟ್ಟಿ ಸಮಾಧಾನ ಹೇಳಲು ಹೋಗಲಿಲ್ಲ. ಸ್ಪ್ಯಾನರಿನ ಸದ್ದು ನಿಲ್ಲಿಸಿ ಕೇಳಿಸಿಕೊಂಡ.

'ದೀಪ ಹೋಗಿಬಿಟ್ರೆ ನಾನು ಇಲ್ಲಿಗೆ ಯಾಕೆ ಬರಲಿ?' ಎಂದು ಒಂದು ದಿನ ಅವಳಿಗೆ ಅನ್ನಿಸಿತು. ಶಿವರಾತ್ರಿ ಹತ್ತಿರ ಬರುತ್ತಿತ್ತು. ದೀಪ ಹೋಗದಿದ್ದರೆ ಗಾಡಿ ಹೋಗುತ್ತದೆ, ದೀಪ ಹೋದರೆ ಈ ಬೆಂಚು ಹೋಗುತ್ತದೆ. ಹೇಗೆ ನೋಡಿದರೂ ಕಳೆದುಕೊಳ್ಳುವುದು ಅವಳೇ.

ಶಿವರಾತ್ರಿಗೆ ಹದಿನೈದು ದಿನ ಇರುವಾಗ ರವಿಶಂಕರ ಬಂದು ಗಾಡಿ ಸಾಗರಕ್ಕೆ ಒಯ್ದ. ಅಲ್ಲಿಯ ಮೆಕ್ಯಾನಿಕ್ ಕೈ ತೊಳೆಯಲಿಲ್ಲ, ಪಟ ಹುಡುಕಲಿಲ್ಲ. ಅಡ್ಡ ಬಂತು ಎಂದು ಬ್ಲೇಡಿನಲ್ಲಿ ದಾರ ಕತ್ತರಿಸಿ ಎಸೆದ. ಐದು ನಿಮಿಷದ ಕೆಲಸ.

ಮರುದಿನ ಫೋನ್ ಬಂತು.

"ಅತ್ತಿಗೆ, ಸೆನ್ಸರಿನ ಕಡ್ಡಿಗೆ ಗಂಟು ಹಾಕಿದ್ದ ಆ ಕೋಣಂದೂರಿನೋನು. ಬೇಕಂತಲೇ. ನಿಮ್ಮನ್ನ ತಿರುಗ್ಸೋಕೆ. ಎಂಟು ಸಲ ಹೋಗಿದೀರಂತೆ, ಊರೆಲ್ಲಾ ಮಾತಾಡ್ತಿದೆ."

ಅತ್ತೆ ಆ ಗಂಟನ್ನು ಹಿಂದಿನ ಬಂಪರಿನ ಕೊಕ್ಕೆಗೆ ಕಟ್ಟಿದ್ದನ್ನು ಶರಾವತಿ ಕಣ್ಣಾರೆ ನೋಡಿದ್ದಳು. ಅದು ಕಡ್ಡಿಗೆ ಬಂದದ್ದು ಹೇಗೆ? ಬಿಚ್ಚಿ ಕಟ್ಟುತ್ತಿದ್ದವನು ಒಬ್ಬನೇ.

ಅವತ್ತೇ ಬಸ್ಸು ಹತ್ತಿ ಕೋಣಂದೂರಿಗೆ ಹೋದಳು.

"ಗಂಟು ಕಡ್ಡಿಗೆ ಕಟ್ಟಿದ್ದು ನೀವಾ?"

"ಹೌದು. ಬಿಚ್ಚಿದ ಜಾಗಕ್ಕೇ ಕಟ್ತಿದ್ದೆ." ರವಿಶಂಕರ ಅಂದದ್ದನ್ನು ಅವಳು ಹೇಳುತ್ತ ಹೋದಂತೆ ಜಟ್ಟಿಯ ಮುಖ ಬಣ್ಣಗೆಟ್ಟಿತು. "ಅದ್ರಿಂದನೇ ಅಂತ ನಂಗೆ ಹೊಳೀಲೇ ಇಲ್ಲ ಮೇಡಂ."

"ಸುಳ್ಳು. ಅತ್ತೆ ಕಟ್ಟಿದ್ದು ಹಿಂದಿನ ಕೊಕ್ಕೆಗೆ. ನಾನೇ ನೋಡಿದೀನಿ."

ಅವನು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ.

"ಒಂದೇ ಒಂದು ಕೇಳ್ತೀನಿ. ಇದು ಸಿಗಬಾರ್ದು ಅಂತ ನಿಮ್ಮ ಮನಸ್ಸಲ್ಲಿ ಇತ್ತಾ, ಇಲ್ವಾ?"

ಇಲ್ಲ ಅನ್ನಬಹುದಿತ್ತು. ತಲೆ ತಗ್ಗಿಸಿದ.

ಶರಾವತಿಗೆ ಅಷ್ಟು ಸಾಕಾಯಿತು.

"ನನ್ನನ್ನ ನಂಬಿದ ಒಬ್ಬ ಮನುಷ್ಯ ಸಿಕ್ಕಿದ ಅಂದ್ಕೊಂಡಿದ್ದೆ..." ಅಂದಳು. ರಸ್ತೆ ದಾಟಿ ಬಸ್ ಸ್ಟ್ಯಾಂಡಿನಲ್ಲಿ ಹೋಗಿ ನಿಂತಳು, ತಿರುಗಿ ನೋಡಲಿಲ್ಲ.

ರಿಪೇರಿಯಾದ ಗಾಡಿಯನ್ನೂ ರವಿಶಂಕರ ಮಾರಿಸಿದ. ಊರ ಬಾಯಿ ಮುಚ್ಚಬೇಕಂತೆ. ಶರಾವತಿ ಬೇಡ ಅನ್ನಲಿಲ್ಲ, ಯಾವುದೂ ಬೇಕು ಅನ್ನಿಸುತ್ತಿರಲಿಲ್ಲ. ಶಿವಮೊಗ್ಗದ ಕಡೆಯವರು ಬಂದು ಒಯ್ದರು. ಪುಷ್ಪಮ್ಮ ಹೊರಗೆ ಬರಲಿಲ್ಲ. ಒಳಗೆ ಕೂತು, ಸದ್ದು ದೂರ ಹೋಗುವ ತನಕ ಕೇಳಿಸಿಕೊಂಡರು.

ಆಮೇಲೆ ಬಸ್ಸು. ಬೆಳಿಗ್ಗೆ ತೀರ್ಥಹಳ್ಳಿಗೆ, ಸಂಜೆ ಹೊಸನಗರಕ್ಕೆ. ಕೋಣಂದೂರು ಬಂದಾಗಲೆಲ್ಲ ಅವಳು ಮೊಬೈಲಿನಲ್ಲಿ ಏನೋ ಓದುವವಳ ಹಾಗೆ ತಲೆ ತಗ್ಗಿಸುತ್ತಿದ್ದಳು. ಅನ್ನ ಇಳಿಯುತ್ತಿರಲಿಲ್ಲ. ಮೋಸ ಹೋದದ್ದಕ್ಕಿಂತ ದೊಡ್ಡ ನೋವು ಬೇರೆಯೇ ಇತ್ತು. ಮೋಸಗಾರ ಎಂದು ಗೊತ್ತಾದ ಮೇಲೂ ಅವನ ದನಿ ಕೇಳಬೇಕು ಅನ್ನಿಸುತ್ತಿತ್ತು.

ಒಂದು ದಿನ ಬಸ್ಸಿನಲ್ಲಿ ಹಿಂದಿನ ಸೀಟಿನವರು ಮಾತಾಡಿಕೊಂಡರು. "ಜಟ್ಟಿ ಗ್ಯಾರೇಜ್ ಮುಚ್ತಾನಂತೆ. ಹೆಸರು ಕೆಟ್ಟ ಮೇಲೆ ಗಾಡಿ ಯಾರು ಬಿಡ್ತಾರೆ ಮಾರಾಯ? ಕುಂದಾಪುರದಲ್ಲಿ ಯಾರದೋ ಕೈಕೆಳಗೆ ಕೆಲ್ಸಕ್ಕೆ ಹೋಗ್ತಾನಂತೆ."

ಮನೆಗೆ ಬಂದು ಅಡುಗೆಮನೆಯಲ್ಲಿ ಕೂತುಬಿಟ್ಟಳು. ಪುಷ್ಪಮ್ಮ ಹತ್ತಿರ ಬಂದರು.

"ಎಂತ ಆಯ್ತು ಶರಾವತಿ? ಒಂದು ತಿಂಗಳಿಂದ ನೋಡ್ತಿದೀನಿ. ಗಾಡಿ ಹೋಗಿದ್ದಕ್ಕೆ ಇಷ್ಟು ಸೊರಗೋಳಲ್ಲ ನೀನು."

ಶರಾವತಿ ಮೊದಲ ಸಲ ಎಲ್ಲ ಹೇಳಿದಳು. ಗಂಟಿನ ವಿಷಯ ಅತ್ತೆಯ ಕಿವಿಗೆ ಬೀಳದಂತೆ ರವಿಶಂಕರ ನೋಡಿಕೊಂಡಿದ್ದ. ಅಮ್ಮನಿಗೆ ಬೇಜಾರಾಗುತ್ತದೆ ಅಂತ. ಕೇಳುತ್ತ ಪುಷ್ಪಮ್ಮನ ಕೈ ಬಾಯಿಗೆ ಹೋಯಿತು.

"ಅಯ್ಯೋ ದೇವ್ರೇ... ಆ ಕಡ್ಡಿಗೆ ಕಟ್ಟಿದ್ದು ನಾನು."

"ಅತ್ತೆ, ನೀವು ಕೊಕ್ಕೆಗಲ್ವಾ—"

"ಮೊದಲು ಕೊಕ್ಕೆಗೆ ಕಟ್ಟಿದ್ದೆ. ಮಾರನೇ ದಿನ ಪಕ್ಕದ ಮನೆ ಕರು ಬಾಯಿ ಹಾಕಿ ಜಗೀತಿತ್ತು. ಅದಕ್ಕೆ ಬಿಚ್ಚಿ ಚಕ್ರದ ಒಳಗೆ ಕಟ್ದೆ. ಮೊಣಕಾಲು ಮಡಚೋಕಾಗಲ್ಲ, ಬಗ್ಗಿ ನೋಡೋಕಾಗಲ್ಲ. ಕೈಗೆ ಸಿಕ್ಕಿದ್ದು ಅದೊಂದೇ ಕಡ್ಡಿ. ನಿಂಗೆ ಹೇಳ್ಬೇಕು ಅಂತಲೂ ಅನ್ಸಿಲ್ಲ."

ಒಲೆಯ ಮೇಲೆ ಹಾಲು ಉಕ್ಕಿ ಹರಿಯಿತು, ಯಾರೂ ಏಳಲಿಲ್ಲ.

"ನಾನು ಕಟ್ಟಿದ ಗಂಟಿಗೆ ಅವನ ಹೆಸರು ಹಾಳಾಯ್ತು," ಅಂದರು ಪುಷ್ಪಮ್ಮ. ಆಮೇಲೆ ಸೊಸೆಯ ಮುಖವನ್ನು ನೋಡಿದರು. ಆ ಮುಖದಲ್ಲಿ ಇದ್ದದ್ದನ್ನು ಓದಲು ಅವರಿಗೆ ಯಾವ ಸ್ಕ್ಯಾನರೂ ಬೇಕಿರಲಿಲ್ಲ. ಅವರ ಕಣ್ಣು ತುಂಬಿತು.

"ಹೋಗಿ ಹೇಳು. ಹೇಳಿ... ವಾಪಸ್ ಬಾ."

ಆ ಕೊನೆಯ ಎರಡು ಪದದ ಭಯ ಶರಾವತಿಗೆ ಕೇಳಿಸಿತು. ಮಗ ಹೋದ, ಮಗನ ಗಾಡಿ ಹೋಯಿತು, ಇನ್ನು ಇವಳು. ಅವಳು ಅತ್ತೆಯ ಪಾದ ಮುಟ್ಟಿದಳು. "ಬರ್ತೀನಿ ಅತ್ತೆ. ಬರ್ದೇ ಎಲ್ಲಿಗೆ ಹೋಗ್ಲಿ?"

ಮರುದಿನ ಗುರುವಾರ. ಮಧ್ಯಾಹ್ನವೇ ರಜೆ ಹಾಕಿ ಅವಳು ಕೋಣಂದೂರಿನಲ್ಲಿ ಇಳಿದಾಗ ಗ್ಯಾರೇಜಿನ ಅರ್ಧ ಬಾಗಿಲು ಎಳೆದಿತ್ತು. ಜಟ್ಟಿ ಸ್ಪ್ಯಾನರುಗಳನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬುತ್ತಿದ್ದ. ಅವಳನ್ನು ನೋಡಿ ಎದ್ದು ನಿಂತ. ತೆಳ್ಳಗಾಗಿದ್ದ.

ಅವಳು ಕರುವಿನಿಂದ ಹಿಡಿದು ಎಲ್ಲವನ್ನೂ ಹೇಳಿದಳು. "ತಪ್ಪಾಯ್ತು. ನೀವು ನನ್ನ ಮಾತು ನೋಡ್ದೇ ನಂಬಿದ್ರಿ. ನಾನು ನಿಮ್ಮನ್ನ ನೋಡಿನೂ ನಂಬ್ಲಿಲ್ಲ."

"ನೀವು ಅಂದಿದ್ದು ಪೂರ್ತಿ ತಪ್ಪಲ್ಲ ಮೇಡಂ."

"ಅಂದ್ರೆ?"

"ಮನಸ್ಸಲ್ಲಿ ಇತ್ತಾ ಅಂತ ಕೇಳಿದ್ರಲ್ಲ... ಇತ್ತು." ಅವನು ನೆಲ ನೋಡುತ್ತ ಮಾತಾಡಿದ. "ಆ ಗಂಟು ಪಟದ ಮುಂದೆ ಇಟ್ಟಾಗೆಲ್ಲ ಒಂದೇ ಬೇಡ್ತಿದ್ದೆ. ಇವತ್ತೂ ಸಿಗದೇ ಇರ್ಲಿ ಅಂತ. ಕೈ ಹುಡುಕ್ತಿತ್ತು, ಪ್ರಾಮಾಣಿಕವಾಗೇ ಹುಡುಕ್ತಿತ್ತು. ಬೇಡ್ಕೊಂಡಿದ್ದು ಮಾತ್ರ ಹಾಗೆ. ಅಂಥೋನು ನಾನು ಮಾಡಿಲ್ಲ ಅಂತ ಯಾವ ಬಾಯಲ್ಲಿ ವಾದ ಮಾಡ್ಲಿ?"

ಶರಾವತಿ ಬೆಂಚಿನ ಮೇಲೆ ಕೂತಳು. ಅಳು ಬಂತು. ಈ ಸಲ ಮುಖ ತಿರುಗಿಸಲಿಲ್ಲ.

"ನಾನೂ ಶುಕ್ರವಾರ ಯಾವಾಗ ಬರತ್ತೆ ಅಂತ ಕಾಯ್ತಿದ್ದೆ," ಅಂದಳು. "ದೀಪ ಬರ್ದಿದ್ರೆ ಬೇಜಾರಾಗ್ತಿತ್ತು."

ಜಟ್ಟಿ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತ. ಮೂರು ತಿಂಗಳಲ್ಲಿ ಅವನು ಅವಳ ಪಕ್ಕ ಕೂತದ್ದು ಅದೇ ಮೊದಲು. ನಡುವೆ ಒಬ್ಬರು ಕೂರುವಷ್ಟು ಜಾಗ ಇತ್ತು.

"ಕುಂದಾಪುರಕ್ಕೆ ಯಾವತ್ತು?"

"ಸೋಮವಾರ. ಮಾತು ಕೊಟ್ಟಾಗಿದೆ. ಇಲ್ಲಿ ಇನ್ನೂ ಒಂದು ವರ್ಷ ಯಾರೂ ಗಾಡಿ ಬಿಡಲ್ಲ."

"ನಾನು ಎಲ್ಲರಿಗೂ ನಿಜ ಹೇಳ್ತೀನಿ."

"ಹೇಳ್ಬೇಡಿ. ಆ ಅಮ್ಮನ್ನ ಊರೋರ ಬಾಯಿಗೆ ಹಾಕ್ಬೇಡಿ. ನೀವು ಹೇಳಿದ್ರೆ ಬೇರೆ ಕಥೆ ಕಟ್ತಾರೆ, ಅಷ್ಟೇ."

ಅದು ನಿಜ ಎಂದು ಅವಳಿಗೂ ಗೊತ್ತಿತ್ತು.

"ನಂಗೆ ಅತ್ತೆನ ಬಿಟ್ಟು ಬರೋಕಾಗಲ್ಲ ಜಟ್ಟಿಯವ್ರೇ."

"ಬಿಟ್ಟು ಬನ್ನಿ ಅಂತ ನಾನು ಯಾವತ್ತೂ ಅನ್ನಲ್ಲ."

"ರವಿಶಂಕರ ಒಪ್ಪಲ್ಲ. ಅತ್ತೆಗೂ ಕಷ್ಟ. ಹಾಗಾದ್ರೆ... ನಮ್ಮಿಬ್ರದ್ದು ಏನಾಗತ್ತೆ?"

ಅವನು ಯೋಚಿಸಿದ. ಸುಳ್ಳು ಹೇಳಲು ಅವನಿಗೆ ಈ ಸಲವೂ ಬರಲಿಲ್ಲ. "ಏನೂ ಆಗಲ್ಲ ಅನ್ಸತ್ತೆ."

ರಸ್ತೆಯ ಆ ತುದಿಯಲ್ಲಿ ಹೊಸನಗರದ ಬಸ್ಸಿನ ಹಾರನ್ ಕೇಳಿಸಿತು. ಅವಳು ಕಣ್ಣೊರೆಸಿ ಎದ್ದಳು. ಇನ್ನು ಈ ಬಾಗಿಲು ಮುಚ್ಚುತ್ತದೆ. ಸೋಮವಾರದಿಂದ ಬಸ್ಸಿನಲ್ಲಿ ತಲೆ ಎತ್ತಿ ಕೂತರೂ ನೋಡಲು ಏನೂ ಇರುವುದಿಲ್ಲ. ಹೆಜ್ಜೆ ಮುಂದಿಟ್ಟಳು.

"ಭಾನುವಾರ ನಿಮ್ಮನೆಗೆ ಬರ್ಲಾ?" ಹಿಂದಿನಿಂದ ಜಟ್ಟಿ ಕೇಳಿದ.

ಅವಳು ತಿರುಗಿದಳು. "ಯಾಕೆ? ನಮ್ಮನೇಲಿ ಈಗ ಗಾಡಿ ಇಲ್ಲ. ರಿಪೇರಿ ಮಾಡೋಂಥದ್ದು ಏನೂ ಇಲ್ಲ."

"ಗೊತ್ತು. ಸುಮ್ನೆ ಬರ್ತೀನಿ."

"ಅತ್ತೆ ಒಳಗೆ ಕರೀದೇ ಇರ್ಬೋದು."

"ಹೊರಗೇ ಕೂತ್ಕೋತೀನಿ."

"ಅಕ್ಕಪಕ್ಕದೋರು ನೋಡ್ತಾರೆ."

"ನೋಡ್ಲಿ ಅಂತಲೇ ಹಗಲು ಹೊತ್ತಲ್ಲಿ ಬರ್ತೀನಿ."

ಬಸ್ಸು ಬಂದು ನಿಂತಿತು. ಕಂಡಕ್ಟರ್ ಬಾಗಿಲು ಬಡಿದು ಅವಸರ ಮಾಡಿದ. ಶರಾವತಿ ಒಂದು ಕಾಲು ಮೆಟ್ಟಿಲ ಮೇಲಿಟ್ಟು, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು.

"ಹನ್ನೊಂದು ಗಂಟೆಗೆ ಬನ್ನಿ. ಊಟ ಮಾಡ್ಕೊಂಡೇ ಹೋಗ್ಬೇಕು."